ಎಲೆ ಕೈಕೊಟ್ಟಾಗ ಪೋಕರ್ ಟೂರ್ನಿಯಲ್ಲಿ ಆಡುವ ಬಗೆ

ಎಂಟರ ಜತೆ ಮೂರು, ರಾಣಿಯ ಜತೆ ನಾಲ್ಕು, ಒಂಬತ್ತರ ಜತೆ ಎರಡು. ಪೋಕರ್ ಟೂರ್ನಿಯಲ್ಲಿ ಗಂಟೆಗಟ್ಟಲೆ ಕುಳಿತರೂ ಇಂಥ ಎಲೆಗಳೇ ಬೀಳುವ ಹೊತ್ತು ಪ್ರತಿಯೊಬ್ಬ ಆಟಗಾರನಿಗೂ ಬರುತ್ತದೆ. ರಮ್ಮಿ ಆಡಿ ಬೆಳೆದ ನಮಗೆ ಕೆಟ್ಟ ಎಲೆ ಬಂದರೆ ಮೊದಲೇ ಡ್ರಾಪ್ ಮಾಡಿ, ಸಾಮಾನ್ಯವಾಗಿ ಇಪ್ಪತ್ತು ಪಾಯಿಂಟಿಗೆ ನಷ್ಟ ಮುಗಿಸಿ, ಮುಂದಿನ ಹಂಚಿಕೆಗೆ ಕಾಯುವುದು ಅಭ್ಯಾಸವಾಗಿದೆ. ಪ್ರತಿಯೊಬ್ಬರ ಕೈಗೂ ಎರಡೆರಡು ಎಲೆ ಹಂಚಿ, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಟೂರ್ನಿಯಲ್ಲಿ ಈ ತಾಳ್ಮೆ ಅರ್ಧ ದಾರಿಯವರೆಗೆ ಮಾತ್ರ ಕಾಪಾಡುತ್ತದೆ; ಏಕೆಂದರೆ ಇಲ್ಲಿ ಕಾಯುವುದಕ್ಕೂ ಬೆಲೆ ತೆರಬೇಕು ಮತ್ತು ಆ ಬೆಲೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಏರುತ್ತಲೇ ಇರುತ್ತದೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಈ ಲೇಖನ ಗೋವಾದ ಕ್ಯಾಸಿನೊಗಳಲ್ಲಿ ಅಥವಾ ವಿದೇಶಗಳಲ್ಲಿ ಕಾನೂನುಬದ್ಧವಾಗಿ ನಡೆಯುವ ಟೂರ್ನಿಗಳಲ್ಲಿ ಕೂರುವವರನ್ನು, ಮತ್ತು ಗೆಳೆಯರ ನಡುವೆ ಹಣವಿಲ್ಲದೆ ಬರಿಯ ಚಿಪ್‌ಗಳಿಂದ (ಪಂತಕ್ಕೆ ಬಳಸುವ ಬಿಲ್ಲೆಗಳಿಂದ) ಆಡುವವರನ್ನು ಉದ್ದೇಶಿಸಿದೆ.

ಮೊದಲ ಹೆಜ್ಜೆ: ಬರಗಾಲದ ಲೆಕ್ಕ ತಿಳಿದುಕೊಳ್ಳಿ

ಐವತ್ತೆರಡು ಎಲೆಗಳಿಂದ ಎರಡೆರಡರಂತೆ ಒಟ್ಟು 1,326 ಜೋಡಣೆಗಳು ಸಾಧ್ಯ. ಅವುಗಳಲ್ಲಿ ಎಕ್ಕದ ಜೋಡಿ ಬರುವುದು ಸರಾಸರಿ 221 ಹಂಚಿಕೆಗೊಮ್ಮೆ. ಯಾವುದಾದರೊಂದು ಜೋಡಿ ಬರುವುದು 17 ಹಂಚಿಕೆಗೊಮ್ಮೆ. ಹತ್ತರ ಜೋಡಿ, ಅದಕ್ಕಿಂತ ದೊಡ್ಡ ಜೋಡಿ ಅಥವಾ ಎಕ್ಕ-ರಾಜ, ಇಷ್ಟನ್ನೇ ಒಳ್ಳೆಯ ಎಲೆ ಎಂದು ಹಿಡಿದರೆ ಅಂಥದ್ದು 29 ಹಂಚಿಕೆಗೊಮ್ಮೆ ಸಿಗುತ್ತದೆ. ಎದುರುಬದುರು ಕೂತು ಆಡುವ ಮೇಜಿನಲ್ಲಿ ಗಂಟೆಗೆ ಹೆಚ್ಚೆಂದರೆ ಮೂವತ್ತರ ಆಸುಪಾಸು ಹಂಚಿಕೆ ನಡೆಯುವುದರಿಂದ, ಒಂದು ಗಂಟೆಯಿಡೀ ಅಂಥ ಒಂದೂ ಕೈ ಬಾರದಿರುವ ಸಂಭವ ನೂರಕ್ಕೆ ಸುಮಾರು 35. ಮೂರು ಗಂಟೆಗಳಲ್ಲಿ ಒಂದು ಗಂಟೆ ಬರಿದಾಗಿ ಹೋದರೆ ಅದು ದುರದೃಷ್ಟವಲ್ಲ, ಆಟದ ಸಹಜ ಸ್ಥಿತಿ. ಇದನ್ನು ಮನಸ್ಸಿಗೆ ತಂದುಕೊಂಡವನು ‘ಸಾಕಾಯಿತು’ ಎಂದು ರಾಣಿ-ನಾಲ್ಕನ್ನು ಹಿಡಿದು ಮೊದಲ ಸರದಿಯಲ್ಲೇ ನುಗ್ಗುವುದಿಲ್ಲ.

ಎರಡನೆಯ ಹೆಜ್ಜೆ: ಎಲೆ ಬಿಟ್ಟು ಚಿಪ್ ಎಣಿಸಿ

ನಿಮ್ಮಲ್ಲಿ 20,000 ಚಿಪ್ ಇದೆ, ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಪಂತ; ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್) 500 ಮತ್ತು 1,000, ಬಿಗ್ ಬ್ಲೈಂಡ್ ಕಟ್ಟುವವನೇ ಕೊಡಬೇಕಾದ ಆಂಟಿ ಎಂಬ ಇನ್ನೊಂದು ಕಡ್ಡಾಯ ಪಂತ 1,000 ಎಂದಿಟ್ಟುಕೊಳ್ಳಿ. ಒಂಬತ್ತು ಜನರ ಮೇಜು ಒಮ್ಮೆ ಸುತ್ತಿ ಬರುವಷ್ಟರಲ್ಲಿ ನೀವು ಏನೂ ಮಾಡದೆ 2,500 ಕಳೆದುಕೊಳ್ಳುತ್ತೀರಿ. ಎರಡು ಸುತ್ತಿನ ನಂತರ ಉಳಿಯುವುದು 15,000. ಅಷ್ಟರಲ್ಲಿ ಬ್ಲೈಂಡ್ 600 ಮತ್ತು 1,200, ಆಂಟಿ 1,200 ಆಗಿ ಸುತ್ತಿನ ಖರ್ಚು 3,000ಕ್ಕೆ ಏರಿರುತ್ತದೆ. ಎಂಟು ಸುತ್ತು ಬದುಕಬಲ್ಲವನಾಗಿದ್ದ ನೀವು, ಒಂದೇ ಒಂದು ಕೈಯನ್ನೂ ಸೋಲದೆ, ಐದು ಸುತ್ತಿನವನಾಗಿದ್ದೀರಿ. ಕೈಯಲ್ಲಿರುವ ಚಿಪ್ಪನ್ನು ಸುತ್ತಿನ ಖರ್ಚಿನಿಂದ ಭಾಗಿಸಿ ಬರುವ ಈ ಸುತ್ತಿನ ಲೆಕ್ಕಕ್ಕೆ ಆಟಗಾರರು ‘ಎಂ’ ಎನ್ನುತ್ತಾರೆ. ಬ್ಯಾಕ್‌ಗ್ಯಾಮನ್ ಮತ್ತು ಪೋಕರ್ ಎರಡರಲ್ಲೂ ಹೆಸರು ಮಾಡಿದ ಪಾಲ್ ಮ್ಯಾಗ್ರಿಯೆಲ್ ಅವರ ಹೆಸರಿನಿಂದ ಬಂದ ಅಕ್ಷರವಿದು. ಬ್ಲೈಂಡ್ ಏರಿದಾಗಲೆಲ್ಲ ಈ ಭಾಗಾಕಾರವನ್ನು ತಪ್ಪದೆ ಮಾಡಿಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಇದನ್ನೇ ಅವಲಂಬಿಸಿವೆ.

ಮೂರನೆಯ ಹೆಜ್ಜೆ: ಜಾಗ ಮತ್ತು ಎದುರಾಳಿಯನ್ನು ನೋಡಿ ಆಡಿ

ಇಪ್ಪತ್ತು ಬಿಗ್ ಬ್ಲೈಂಡಿನಷ್ಟು ಚಿಪ್ ಇರುವಾಗ ಸುತ್ತಿಗೊಮ್ಮೆ ಬ್ಲೈಂಡ್ ಕದ್ದರೂ, ಅಂದರೆ ಎದುರಾಳಿಗಳು ಬಿಟ್ಟುಕೊಡುವಂತೆ ಮಾಡಿ ಅವರ ಕಡ್ಡಾಯ ಪಂತವನ್ನು ಬಾಚಿಕೊಂಡರೂ, ನೀವು ಇದ್ದಲ್ಲೇ ಇರುತ್ತೀರಿ. ಎಲ್ಲರೂ ಫೋಲ್ಡ್ ಮಾಡಿ (ಎಲೆ ಎಸೆದು) ಸರದಿ ಬಟನ್‌ನಲ್ಲಿ, ಅಂದರೆ ಬ್ಲೈಂಡ್ ಕಟ್ಟುವ ಇಬ್ಬರಿಗೆ ಸ್ವಲ್ಪ ಮೊದಲಿನ ಜಾಗದಲ್ಲಿ, ಕುಳಿತ ನಿಮಗೆ ಬಂದಾಗ, 500 ಮತ್ತು 1,000ದ ಹಂತದಲ್ಲಿ ಪಂತವನ್ನು 2,200ಕ್ಕೆ ಏರಿಸಿ ರೈಸ್ ಮಾಡಿದರೆ, ನೀವು ಒಡ್ಡುವುದು 2,200, ಮೇಜಿನ ಮೇಲಿರುವುದು 2,500. ನೂರಕ್ಕೆ 47 ಬಾರಿ ಇಬ್ಬರೂ ಬಿಟ್ಟುಕೊಟ್ಟರೆ ನಿಮ್ಮ ಎಲೆ ಯಾವುದೇ ಆಗಿರಲಿ, ನಷ್ಟವಿಲ್ಲ. ಯಾರಾದರೂ ಕಾಲ್ ಮಾಡಿದರೂ, ಅಂದರೆ ಅಷ್ಟೇ ಚಿಪ್ ಹಾಕಿ ಉಳಿದರೂ, ಎಲ್ಲವೂ ಮುಗಿಯುವುದಿಲ್ಲ. ಜೋಡಿಯಲ್ಲದ ಯಾವ ಕೈಯಾದರೂ ಮೂರು ಬಾರಿಯಲ್ಲಿ ಎರಡು ಬಾರಿ ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳಲ್ಲಿ) ಜೋಡಿ ಕಾಣುವುದಿಲ್ಲ, ಮತ್ತು ಈ ಮಾತು ಎದುರಾಳಿಗೂ ಅನ್ವಯಿಸುತ್ತದೆ.

ಯಾರಿಂದ ಕದಿಯಬೇಕು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಎಡಕ್ಕೆ ಕುಳಿತವನ ಬಳಿ ಏಳೆಂಟು ಬಿಗ್ ಬ್ಲೈಂಡ್ ಮಾತ್ರ ಇದ್ದರೆ ಅವನು ಆಲ್-ಇನ್ ಹೇಳುವುದಕ್ಕೇ, ಅಂದರೆ ಇದ್ದ ಚಿಪ್ಪನ್ನೆಲ್ಲ ಒಡ್ಡುವುದಕ್ಕೇ, ಕಾದಿರುತ್ತಾನೆ. ಗುಡ್ಡೆ ಹಾಕಿಕೊಂಡವನು ಕುತೂಹಲಕ್ಕಾದರೂ ಕಾಲ್ ಮಾಡುತ್ತಾನೆ. ಮಧ್ಯಮ ಗಾತ್ರದ ಚಿಪ್ ಉಳ್ಳ, ಅದನ್ನು ಜೋಪಾನ ಮಾಡುತ್ತಿರುವ ಆಟಗಾರನೇ ನಿಮ್ಮ ಗುರಿ. ಎಲೆ ಎಸೆದು ಸುಮ್ಮನೆ ಕುಳಿತ ಆ ಒಂದು ಗಂಟೆ ಇವರನ್ನು ಗುರುತಿಸುವುದಕ್ಕೆ ಸಿಕ್ಕ ಪುರುಸೊತ್ತು, ಅದನ್ನು ಮೊಬೈಲ್ ನೋಡಿ ಕಳೆಯುವುದು ನನ್ನ ದೃಷ್ಟಿಯಲ್ಲಿ ಚಿಪ್ ಕಳೆದಷ್ಟೇ ದೊಡ್ಡ ನಷ್ಟ. ಇನ್ನೊಂದು ಲಾಭವೂ ಇದೆ. ಇಪ್ಪತ್ತೈದು ಕೈ ಬಿಟ್ಟವನು ಒಮ್ಮೆ ರೈಸ್ ಮಾಡಿದರೆ ಮೇಜು ಅವನನ್ನು ನಂಬುತ್ತದೆ. ಎಲೆ ಬಾರದ ಹೊತ್ತು ನಿಮಗೆ ಅರಿವಿಲ್ಲದಂತೆ ಈ ನಂಬಿಕೆಯನ್ನು ಕೂಡಿಡುತ್ತಿರುತ್ತದೆ.

ನಾರ್ವೆಯ ಆನೆಟ್ ಓಬ್ರೆಸ್ಟಾಡ್ 2007ರಲ್ಲಿ 180 ಜನರ ಒಂದು ಸಣ್ಣ ಆನ್‌ಲೈನ್ ಟೂರ್ನಿಯನ್ನು, ಒಂದೇ ಒಂದು ಕೈ ಹೊರತು ತನ್ನ ಎಲೆಗಳನ್ನು ನೋಡದೆಯೇ ಗೆದ್ದದ್ದು ಪೋಕರ್ ವಲಯದಲ್ಲಿ ಪ್ರಸಿದ್ಧ. ಅದೇ ವರ್ಷ ಲಂಡನ್ನಿನಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಯುರೋಪಿನ ಮುಖ್ಯ ಟೂರ್ನಿಯನ್ನೂ ಆಕೆ 18ನೆಯ ವಯಸ್ಸಿನಲ್ಲಿ ಗೆದ್ದರು. ಎಲೆ ನೋಡದೆ ಆಡಿ ಎಂದು ನಾನು ಹೇಳುತ್ತಿಲ್ಲ; ಜಾಗ, ಚಿಪ್ ಮತ್ತು ಎದುರಾಳಿಯ ಅಂಜಿಕೆ ಈ ಮೂರರಿಂದಲೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ನಾಲ್ಕನೆಯ ಹೆಜ್ಜೆ: ಕದಿಯುವವನಿಂದ ಕದಿಯಿರಿ

ಹದಿನೈದು ಬಿಗ್ ಬ್ಲೈಂಡಿಗೆ ಇಳಿದಾಗ ಸಣ್ಣ ರೈಸ್ ಮಾಡಿ ಬಿಟ್ಟುಕೊಡುವುದು ದುಬಾರಿಯಾಗುತ್ತದೆ. ಆಗ, ಬಟನ್‌ನಿಂದ ಪದೇ ಪದೇ ರೈಸ್ ಮಾಡುವವನನ್ನು ಕಾಯಿರಿ. 600 ಮತ್ತು 1,200ರ ಹಂತದಲ್ಲಿ ಅವನು 2,600 ಮಾಡಿದರೆ ಪಾಟ್‌ನಲ್ಲಿ (ಎಲ್ಲರ ಪಂತ ಸೇರಿದ ರಾಶಿಯಲ್ಲಿ) 5,600 ಸೇರುತ್ತದೆ; ನೀವು ಬ್ಲೈಂಡಿನಿಂದ ಆಲ್-ಇನ್ ಹೇಳಿದರೆ ಅವನು ತನ್ನ ದುರ್ಬಲ ಎಲೆಗಳಲ್ಲಿ ಹೆಚ್ಚಿನವನ್ನು ಬಿಡಲೇಬೇಕಾಗುತ್ತದೆ. ಇದಕ್ಕೆ ಎಕ್ಕವಿರುವ ಕೈ ಅನುಕೂಲ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಎದುರಾಳಿಗೆ ಎಕ್ಕದ ಜೋಡಿ ಸಿಗುವ ದಾರಿಗಳು ಆರರಿಂದ ಮೂರಕ್ಕೆ, ಎಕ್ಕ-ರಾಜ ಸಿಗುವ ದಾರಿಗಳು 16ರಿಂದ 12ಕ್ಕೆ ಇಳಿಯುತ್ತವೆ.

ಐದನೆಯ ಹೆಜ್ಜೆ: ಹೆದರಿಸುವ ಶಕ್ತಿ ಮುಗಿಯುವ ಮೊದಲೇ ಆಲ್-ಇನ್

ಹತ್ತು ಬಿಗ್ ಬ್ಲೈಂಡಿಗೆ ಬಂದ ಮೇಲೆ ಎರಡೇ ದಾರಿ: ಆಲ್-ಇನ್ ಅಥವಾ ಫೋಲ್ಡ್. ಬೇರೆಯವರ ಆಲ್-ಇನ್‌ಗೆ ಕಾಲ್ ಮಾಡಲು ಒಳ್ಳೆಯ ಎಲೆಯೇ ಬೇಕು. ಆದರೆ ಮೊದಲು ಚಿಪ್ ಹಾಕುವವರು ನೀವಾದರೆ, ಎಲ್ಲರೂ ಬಿಟ್ಟುಕೊಟ್ಟಾಗಲೂ ಗೆಲ್ಲುತ್ತೀರಿ. 12,000 ಇರುವವನು ಒಮ್ಮೆ ಬ್ಲೈಂಡ್ ಮತ್ತು ಆಂಟಿ ಗೆದ್ದರೆ 15,000ಕ್ಕೆ ಏರುತ್ತಾನೆ. ಆಟೀನಿನ ಗುಲಾಮ ಮತ್ತು ಆಟೀನಿನ ಹತ್ತು ಕಾಲ್ ಆದಾಗ ಎಕ್ಕ-ರಾಜನ ಎದುರೂ ನೂರಕ್ಕೆ ಸುಮಾರು 40 ಬಾರಿ ಗೆಲ್ಲುತ್ತವೆ. ಆದರೆ ಬೇರೆ ಬೇರೆ ಚಿಹ್ನೆಯ ಎಕ್ಕ-ಮೂರಕ್ಕೆ ಅದೇ ಎಕ್ಕ-ರಾಜನ ಎದುರು 30ರಷ್ಟೂ ಅವಕಾಶವಿಲ್ಲ. ಹಾಗಾಗಿ ಸಣ್ಣ ಎಕ್ಕವನ್ನು, ಹಿಂದೆ ಸರದಿ ಇರುವವರು ಒಬ್ಬಿಬ್ಬರೇ ಉಳಿದಾಗ ಬಳಸಿ.

ಇನ್ನೂ ಕಾಯುತ್ತ 4,800ಕ್ಕೆ ಇಳಿದರೆ ಏನಾಗುತ್ತದೆ ನೋಡಿ. ನಿಮ್ಮ ಆಲ್-ಇನ್‌ಗೆ ಬಿಗ್ ಬ್ಲೈಂಡಿನವನು ಇನ್ನು 3,600 ಮಾತ್ರ ಹಾಕಬೇಕು, ಪಾಟ್‌ನಲ್ಲಿ ಆಗಲೇ 7,800 ಇರುತ್ತದೆ. ನೂರಕ್ಕೆ 32 ಬಾರಿ ಗೆದ್ದರೆ ಸಾಕು ಎನ್ನುವ ಸ್ಥಿತಿ ಅವನದು. ಅತಿ ಕೆಟ್ಟದ್ದೆನ್ನುವ ಏಳು-ಎರಡಕ್ಕೂ ಎಕ್ಕ-ರಾಜನ ಎದುರು ಹೆಚ್ಚುಕಡಿಮೆ ಅಷ್ಟು ಅವಕಾಶವಿದೆ. ಅವನು ಬಿಡುವುದಿಲ್ಲ. ಕೊನೆಗೂ ನಿಮಗೆ ಒಳ್ಳೆಯ ಎಲೆ ಬಂದು ಗೆದ್ದರೂ ಸಿಗುವುದು ಒಂದು ಗಂಟೆಯ ಹಿಂದೆ ನಿಮ್ಮಲ್ಲೇ ಇದ್ದ ಚಿಪ್ಪಿಗಿಂತ ಕಡಿಮೆ. 1982ರ ವಿಶ್ವ ಟೂರ್ನಿಯಲ್ಲಿ ಜ್ಯಾಕ್ ಸ್ಟ್ರೌಸ್ ಒಂದೇ ಚಿಪ್‌ಗೆ ಇಳಿದು ಅಲ್ಲಿಂದ ಎದ್ದು ಗೆದ್ದರೆಂಬ ಕಥೆಯನ್ನು ಕಾಯುವುದಕ್ಕೆ ಸಮರ್ಥನೆಯಾಗಿ ಬಳಸುವವರು ಬಹಳ ಮಂದಿ. ಆ ಒಂದು ಗೆಲುವಿನ ನೆನಪು ಅನೇಕರ ಚಿಪ್‌ಗಳನ್ನು ಕರಗಿಸಿದೆ ಎಂದೇ ನನಗನ್ನಿಸುತ್ತದೆ.

ಕಾಯುವುದು ಸರಿಯಾಗುವ ಒಂದು ಸಂದರ್ಭವಿದೆ. ಹದಿನೈದು ಮಂದಿಗೆ ಬಹುಮಾನವಿದ್ದು ಹದಿನಾರು ಮಂದಿ ಉಳಿದಿರುವಾಗ, ನಿಮಗಿಂತ ಕಡಿಮೆ ಚಿಪ್ ಇರುವ ಇಬ್ಬರು ಮೂವರು ಬೇರೆ ಮೇಜುಗಳಲ್ಲಿದ್ದರೆ, ಗುಲಾಮ-ಹತ್ತನ್ನೂ ಎಸೆದು ಅವರು ಹೊರಬೀಳುವವರೆಗೆ ತಡೆಯಿರಿ.

ಆಲ್-ಇನ್‌ಗೆ ಕಾಲ್ ಬಂದು, ಎಲೆ ತೆರೆದು, ಗೆದ್ದು ನಿಮ್ಮ ಚಿಪ್ ಇಮ್ಮಡಿಯಾದ ತಕ್ಷಣ ಇನ್ನೊಂದು ಬದಲಾವಣೆ ಆಗಿರುತ್ತದೆ. ನೀವು ಯಾವ ಎಲೆಯ ಮೇಲೆ ನುಗ್ಗಿದಿರಿ ಎಂಬುದನ್ನು ಮೇಜು ಕಂಡಿದೆ, ಒಂದು ಗಂಟೆ ಕೂಡಿಟ್ಟ ನಂಬಿಕೆ ಆ ಒಂದು ಕೈಯಲ್ಲಿ ಖರ್ಚಾಗಿದೆ. ಮುಂದಿನ ಒಂದೆರಡು ಸುತ್ತಿನಲ್ಲಿ ಅವರು ಸಡಿಲ ಎಲೆಗಳಿಂದಲೂ ನಿಮಗೆ ಕಾಲ್ ಮಾಡುತ್ತಾರೆ. ಆದ್ದರಿಂದ ಆಗ ಕದಿಯುವುದನ್ನು ನಿಲ್ಲಿಸಿ, ಗಟ್ಟಿ ಎಲೆ ಬಂದರೆ ಮಾತ್ರ ಆಡಿ, ಬ್ಲೈಂಡ್ ಏರಿದೊಡನೆ ಎರಡನೆಯ ಹೆಜ್ಜೆಯ ಭಾಗಾಕಾರವನ್ನು ಮತ್ತೆ ಮಾಡಿಕೊಳ್ಳಿ.