ಗಾವೊಕಾವೊ ಇಂಗ್ಲಿಷ್: ಅಪಠಿತ ಗದ್ಯದ ಅಭ್ಯಾಸ ಹೇಗೆ?

ಚೀನಾದ ಹೈಸ್ಕೂಲು ಮುಗಿಸುವವರು ಜೂನ್ ತಿಂಗಳಿನಲ್ಲಿ ಬರೆಯುವ ಗಾವೊಕಾವೊ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ಹಲವು ಪ್ರಾಂತ್ಯಗಳು ಬಳಸುವ ರಾಷ್ಟ್ರೀಯ ಪತ್ರಿಕೆಯಲ್ಲಿ ಇದರ ಮೂರನೆಯ ಒಂದು ಭಾಗ, ಅಂದರೆ 50 ಅಂಕ, ಅಪಠಿತ ಗದ್ಯದ್ದು: ನಾಲ್ಕು ಗದ್ಯಾಂಶಗಳ ಮೇಲೆ ತಲಾ ಎರಡೂವರೆ ಅಂಕದ 15 ಪ್ರಶ್ನೆಗಳು, ಜೊತೆಗೆ ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಬಿಟ್ಟ ಸ್ಥಳ ತುಂಬುವ ಭಾಗ. ಈ ಮಕ್ಕಳಿಗೆ ಪಾಠ ಹೇಳಿದ ದಿನಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಒಂದೇ ತಪ್ಪು. ದಿನಕ್ಕೆ ಹತ್ತು ಗದ್ಯಾಂಶ ಬಿಡಿಸಿ, ಕೊನೆಯ ಪುಟದ ಉತ್ತರ ನೋಡಿ, ಗುರುತು ಹಾಕಿ ಮುಂದಕ್ಕೆ ಹೋಗುತ್ತಾರೆ. ದಿನಕ್ಕೆ ಎರಡು ಸಾಕು.

ಮೊದಲಿಗೆ, ಹಳೆಯ ಗಾವೊಕಾವೊ ಪತ್ರಿಕೆಗಳನ್ನೇ ಆರಿಸಿಕೊಳ್ಳಬೇಕು. ಅಂಗಡಿಯ ಮಾದರಿ ಪ್ರಶ್ನೆಗಳ ಸಂಗ್ರಹಗಳಲ್ಲಿ ಎರಡು ಉತ್ತರಗಳೂ ಸರಿ ಎನಿಸುವಂಥ ಅವಸರದ ಪ್ರಶ್ನೆಗಳೇ ಹೆಚ್ಚು. ಅವನ್ನು ಕೊಳ್ಳದಿರುವುದು ಲೇಸು.

ಎರಡನೆಯದಾಗಿ, ಗದ್ಯಾಂಶಕ್ಕೆ ಎಂಟು ನಿಮಿಷದಂತೆ ಗಡಿಯಾರ ಇಟ್ಟುಕೊಂಡು, ಮೊದಲು ಪ್ರಶ್ನೆಗಳನ್ನಷ್ಟೇ ಓದಬೇಕು, ಆಯ್ಕೆಗಳನ್ನಲ್ಲ. ಮೊದಲ ಗದ್ಯಾಂಶ ಸಾಮಾನ್ಯವಾಗಿ ಜಾಹೀರಾತು ಅಥವಾ ಪ್ರಕಟಣೆಯಾಗಿರುವುದರಿಂದ ಅದನ್ನು ಪೂರ್ತಿ ಓದುವ ಅಗತ್ಯವಿಲ್ಲ.

ಮೂರನೆಯ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ಉತ್ತರ ನೋಡುವ ಮೊದಲು, ತಾನು ಆರಿಸಿದ ಪ್ರತಿ ಉತ್ತರಕ್ಕೂ ಆಧಾರವಾದ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಗೆರೆ ಎಳೆಯಲು ವಾಕ್ಯ ಸಿಗದಿದ್ದರೆ ಅದು ಊಹೆ. ವಾಕ್ಯ ಸಿಕ್ಕರೂ ಅದು ಉದ್ದವಾಗಿದ್ದಾಗ ವಿದ್ಯಾರ್ಥಿ ಅದನ್ನು ಹಿಂದುಮುಂದಾಗಿ ಓದುತ್ತಾನೆ. ಇದರ ಕಾರಣ ಕನ್ನಡಿಗರಿಗೆ ಬೇಗ ಹೊಳೆಯುತ್ತದೆ. 'ನನ್ನ ಅಣ್ಣ ಕೊಂಡ ಪುಸ್ತಕ' ಎನ್ನುವುದು ಚೀನೀ ಭಾಷೆಯಲ್ಲಿ 'ವೊ ಗಗ ಮೈ ದ ಷು'. ಪದಗಳ ಸಾಲು ನಮ್ಮದೇ, 'ಪುಸ್ತಕ' ಬರುವುದು ಕೊನೆಗೆ. ಇಂಗ್ಲಿಷಿನಲ್ಲಾದರೋ 'ದಿ ಬುಕ್ ದ್ಯಾಟ್ ಮೈ ಬ್ರದರ್ ಬಾಟ್' ಎಂದು ಪುಸ್ತಕ ಮೊದಲು ಬಂದು, ವಿವರಣೆ ಅದರ ಬಾಲ ಹಿಡಿದು ಬರುತ್ತದೆ. ಬಾಲ ಇಪ್ಪತ್ತು ಪದಗಳಷ್ಟು ಬೆಳೆದಾಗ ಮುಖ್ಯ ಕ್ರಿಯಾಪದ ಯಾವುದೆಂಬುದೇ ತಪ್ಪಿಹೋಗುತ್ತದೆ. ಆದ್ದರಿಂದ ಬಾಲವನ್ನು ಕಂಸದೊಳಗೆ ಹಾಕಿ, ಉಳಿದ ಕರ್ತೃ ಮತ್ತು ಕ್ರಿಯಾಪದಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಕಂಸವನ್ನು ಬಿಚ್ಚಬೇಕು. ಪಕ್ಕದಲ್ಲೇ ಚೀನೀ ಅನುವಾದ ಅಚ್ಚು ಮಾಡಿರುವ ಪುಸ್ತಕಗಳು ಈ ಕೆಲಸವನ್ನೇ ತಪ್ಪಿಸುವುದರಿಂದ ಅವನ್ನು ನಾನು ಮೇಜಿನ ಮೇಲೆ ಇಡಲೂ ಬಿಡುತ್ತಿರಲಿಲ್ಲ.

ಬಳಿಕ ಉಳಿದ ಮೂರು ಆಯ್ಕೆಗಳು ಏಕೆ ತಪ್ಪೆಂದು ಒಂದೊಂದು ಸಾಲು ಬರೆಯಬೇಕು. ಗದ್ಯದಲ್ಲಿ 'ಮೇ' ಇದ್ದದ್ದು ಆಯ್ಕೆಯಲ್ಲಿ 'ವಿಲ್' ಆಗಿರಬಹುದು. 'ಕೆಲವರು' ಎಂದದ್ದು 'ಎಲ್ಲರೂ' ಆಗಿರಬಹುದು. ಅಥವಾ ಮಾತು ಲೋಕಜ್ಞಾನಕ್ಕೆ ಸರಿಯಾಗಿದ್ದು, ಗದ್ಯದಲ್ಲಿ ಎಲ್ಲೂ ಇಲ್ಲದಿರಬಹುದು. ಮೂರು ಆಯ್ಕೆ ಉದ್ದ, ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನೇ ಬರೆ ಎಂಬ ಸೂತ್ರವೊಂದು ಅಲ್ಲಿನ ಮಕ್ಕಳ ಬಾಯಲ್ಲಿದೆ. ಅದನ್ನು ನಂಬುವವನು ಈ ಸಾಲುಗಳನ್ನು ಬರೆಯುವುದಿಲ್ಲ.

ಪದಗಳನ್ನು ಓದಿದ ವಾಕ್ಯದ ಸಮೇತ ಬರೆದುಕೊಳ್ಳಬೇಕು. ಅಕಾರಾದಿ ಪದಪಟ್ಟಿಗಳು 'ಅಬ್ಯಾಂಡನ್' (ಕೈಬಿಡು) ಎಂಬ ಪದದಿಂದ ಶುರುವಾಗುತ್ತವೆ, ಅಷ್ಟಕ್ಕೇ ಓದು ಕೈಬಿಡುತ್ತೇವೆ ಎಂದು ವಿದ್ಯಾರ್ಥಿಗಳೇ ನಗೆಯಾಡುತ್ತಾರೆ.

ಕೊನೆಗೆ, ತಪ್ಪಾದ ಪ್ರಶ್ನೆಗಳನ್ನು 'ಚ್ವೊತಿಬೆನ್' ಎನ್ನುವ ತಪ್ಪುಗಳ ನೋಟುಬುಕ್ಕಿಗೆ ಅಂಟಿಸಿ, ಹತ್ತು ದಿನ ಬಿಟ್ಟು, ಗೆರೆಗಳಿಲ್ಲದ ಹೊಸ ಪ್ರತಿಯ ಮೇಲೆ ಅವನ್ನೇ ಮತ್ತೆ ಬಿಡಿಸಬೇಕು.