ಒಂದೇ ಹೆಸರಿನ ಎರಡು ತಂತ್ರಾಂಶಗಳು: ಡೆಬಿಯನ್‌ನಲ್ಲಿ ಅನುಸರಿಸಬೇಕಾದ ಕ್ರಮ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ಗೆ ಹೊಸ ಪ್ಯಾಕೇಜ್ (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟು) ಸಿದ್ಧಪಡಿಸುವವರು ಅದರ ಹೆಸರನ್ನಷ್ಟೇ ಅಲ್ಲದೆ, ಅದು ಸ್ಥಾಪಿಸುವ ಕಡತಗಳ ಹೆಸರುಗಳನ್ನೂ ಯಾವ ಕಡತ ಯಾವ ಪ್ಯಾಕೇಜಿನಲ್ಲಿದೆ ಎಂದು ತೋರಿಸುವ ಆಪ್ಟ್-ಫೈಲ್ ಮೂಲಕ ಮೊದಲೇ ಹುಡುಕಿ ನೋಡಬೇಕು. ಬೇರೆ ಬೇರೆ ಕೆಲಸ ಮಾಡುವ ಎರಡು ಪ್ರೋಗ್ರಾಂಗಳಿಗೆ ಒಂದೇ ಹೆಸರಿದ್ದರೆ, ‘ಕಾನ್‌ಫ್ಲಿಕ್ಟ್ಸ್’ (ಎರಡನ್ನೂ ಒಟ್ಟಿಗೆ ಸ್ಥಾಪಿಸುವಂತಿಲ್ಲ) ಎಂದು ಘೋಷಿಸಿ ಸುಮ್ಮನಾಗುವುದನ್ನು ಡೆಬಿಯನ್ ನೀತಿ ಒಪ್ಪುವುದಿಲ್ಲ. ಎರಡೂ ಬೇಕಾದ ಬಳಕೆದಾರರಿಗೆ ಅದು ನಿಜಕ್ಕೂ ಅನ್ಯಾಯ. ಆ ಪ್ಯಾಕೇಜುಗಳ ನಿರ್ವಾಹಕರು ಚರ್ಚಿಸಿ ಒಂದರ ಹೆಸರನ್ನು ಬದಲಿಸಬೇಕು. ಒಮ್ಮತ ಮೂಡದಿದ್ದರೆ ಎರಡರದ್ದನ್ನೂ ಬದಲಿಸಬೇಕು. ಉದಾಹರಣೆಗೆ, ‘ಗಿಟ್’ ಎಂಬ ಹೆಸರು ಮೊದಲು ಗ್ನೂ ಇಂಟರ್ಯಾಕ್ಟಿವ್ ಟೂಲ್ಸ್ ಎಂಬ ಕಡತ ನಿರ್ವಹಣಾ ಸಾಧನಗಳದಾಗಿತ್ತು. ಆದ್ದರಿಂದ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ, ಪ್ರೋಗ್ರಾಂ ಸಂಕೇತದ ಆವೃತ್ತಿಗಳನ್ನು ನಿರ್ವಹಿಸುವ ಗಿಟ್, ಹಳೆಯದು ‘ಗ್ನೂಯಿಟ್’ ಆಗಿ ಹೆಸರು ಬಿಟ್ಟುಕೊಟ್ಟ ನಂತರದವರೆಗೂ, ‘ಗಿಟ್-ಕೋರ್’ ಎಂಬ ಪ್ಯಾಕೇಜಾಗಿಯೇ ಸಿಗುತ್ತಿತ್ತು. ಹೆಸರು ಬದಲಿಸಿದ ಮೇಲೆ, ಹೊಸದನ್ನು ಅವಲಂಬಿಸುವ ಖಾಲಿ ಪ್ಯಾಕೇಜೊಂದನ್ನು ಹಳೆಯ ಹೆಸರಿನಲ್ಲಿ ಒಂದು ಸ್ಥಿರ ಬಿಡುಗಡೆಯಲ್ಲಾದರೂ ಉಳಿಸಿ, ಹೊಸ ಪ್ಯಾಕೇಜಿನ ‘ಬ್ರೇಕ್ಸ್’ (ಹಳೆಯದರ ಜೊತೆ ಹೊಂದುವುದಿಲ್ಲ) ಮತ್ತು ‘ರಿಪ್ಲೇಸಸ್’ (ಹಳೆಯದರ ಕಡತಗಳ ಜಾಗ ಪಡೆಯುತ್ತದೆ) ಎಂಬ ಘೋಷಣೆಗಳಲ್ಲಿ ಹಳೆಯದರ ಆವೃತ್ತಿಯ ಮಿತಿಯನ್ನು ನಮೂದಿಸಬೇಕು.