ಸುರಂಗದ ನೀರು ತೋಟಕ್ಕೆ ಇಳಿಸುವ ಕ್ರಮ, ಮಾಚು ಪಿಚುವಿನ ಲೆಕ್ಕದಲ್ಲಿ

ಕಾಸರಗೋಡು ಜಿಲ್ಲೆಯ ಪೆರ್ಲದ ಈಚೆ ನಮ್ಮ ಜಾಗ. ಸುರಂಗ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ, ಮೇಲೆ, ಮನೆ ನಡುವೆ, ಅಡಿಕೆ ತೋಟ ಕೆಳಗೆ. ಇಷ್ಟಿದ್ದೂ ಬೋರ್‌ವೆಲ್ ನಂಬಿ ವರ್ಷಗಟ್ಟಲೆ ಕರೆಂಟ್ ಬಿಲ್ಲು ಕಟ್ಟಿದವ ನಾನು. ಪೆರು ದೇಶದ ಬೆಟ್ಟದ ಮೇಲಿನ ಹಳೆಯ ಊರು ಮಾಚು ಪಿಚುವಿಗೆ ಅದನ್ನು ಕಟ್ಟಿದ ಇಂಕಾ ಜನ ನೀರು ತಂದ ಲೆಕ್ಕ ಓದಿದಾಗ, ಅಜ್ಜನ ಕಾಲದಲ್ಲಿ ನೀರು ಹರಿಸುತ್ತಿದ್ದ ಅಡಿಕೆ ದಂಬೆ (ಸೀಳಿದ ಅಡಿಕೆ ಮರ) ನೆನಪಾಗಿ ನಾಚಿಕೆಯಾಯಿತು.

ಮೊದಲು ನೀರು ಅಳೆಯಿರಿ, ಅದೂ ಏಪ್ರಿಲ್ ಕೊನೆಗೆ. ಆಟಿಯ ಜೋರು ಮಳೆಯಲ್ಲಿ ಅಳೆದರೆ ಎಲ್ಲರೂ ಶ್ರೀಮಂತರೇ. ನಮ್ಮ 12 ಲೀಟರಿನ ಕೊಡಪಾನ ತುಂಬಲು 2 ನಿಮಿಷ ಬೇಕಾಯಿತು. ಅಂದರೆ ದಿನಕ್ಕೆ 8,640 ಲೀಟರ್. ರಾತ್ರಿಯ ನೀರು ಹಿಡಿಯಲು ಒಂದು ಟಾಂಕಿ ಬೇಕೇ ಬೇಕು. ಮಾಚು ಪಿಚುವಿನ ಒರತೆ ನಿಮಿಷಕ್ಕೆ 23ರಿಂದ 125 ಲೀಟರ್ ಕೊಡುತ್ತದೆ. ಆದರೆ ಆ ನೀರು ತರುವ ಕಣಿ (ಕಾಲುವೆ) ನಿಮಿಷಕ್ಕೆ 300 ಲೀಟರ್ ಸಾಗಿಸುವಷ್ಟು ದೊಡ್ಡದು.

ಆ ಕಣಿಯ ಉದ್ದ 749 ಮೀಟರ್, ಇಳಿಜಾರು ಸರಾಸರಿ 100ಕ್ಕೆ 3. ಮೇಸ್ತ್ರಿಯ ಲೆವೆಲ್ ಪೈಪ್ ಹಿಡಿದರೆ 10 ಮೀಟರಿಗೆ 30 ಸೆಂಟಿಮೀಟರ್. ಅವರದು ಕಲ್ಲಿನ ಕಣಿ, ನೆನಪಿರಲಿ. ಬರೀ ಮಣ್ಣಿನದಕ್ಕೆ ಅಷ್ಟು ಕೊಟ್ಟರೆ ಕೊರೆದು ಹೋಗುತ್ತದೆ.

ಅಲ್ಲಿ ನೀರು ಒಂದರ ಕೆಳಗೊಂದರಂತೆ 16 ಕಡೆ ಧಾರೆಯಾಗಿ ಬೀಳುತ್ತದೆ. ಮೊದಲನೆಯದು ಅರಸನ ಮನೆಯ ಹತ್ತಿರ. ನಮ್ಮಲ್ಲಿ ಅರಸ ಅಂದರೆ ಅಡುಗೆಮನೆ: ಮೊದಲ ಧಾರೆ ಅಲ್ಲಿಗೆ, ಆಮೇಲೆ ಬಚ್ಚಲು, ದನದ ಹಟ್ಟಿ, ಕೊನೆಗೆ ತೋಟ.

ಇನ್ನು ನಾನು ಸೋತ ಜಾಗ. ಕಣಿ ಹಾಯುವ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಗೆ, ಮುರಕಲ್ಲಿನ (ಕೆಂಪು ಕಲ್ಲಿನ) ತಡೆಗೋಡೆ ಕಟ್ಟಿಸಿ, ಹಿಂದೆ ಕೆಂಪು ಮಣ್ಣು ತುಂಬಿಸಿದೆ. "ನೀರ್‌ಗ್ ಸಾದಿ ಬುಡೊಡು" (ನೀರಿಗೆ ದಾರಿ ಬಿಡಬೇಕು) ಎಂದು ಮೇಸ್ತ್ರಿ ತುಳುವಿನಲ್ಲಿ ಎರಡು ಸಲ ಹೇಳಿದ. ಖರ್ಚು ಹೆಚ್ಚಾಗುತ್ತದೆಂದು ನಾನೇ ಬೇಡವೆಂದೆ. ಜುಲೈಯಲ್ಲಿ ಮಣ್ಣು ನೀರು ಕುಡಿದು ಉಬ್ಬಿ, ಗೋಡೆ ಇಡಿಯಾಗಿ ಕಣಿಯ ಮೇಲೆ ಮಲಗಿತು.

ಮಾಚು ಪಿಚುವಿನಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ, ನಮ್ಮಲ್ಲಿ 3,000ಕ್ಕೂ ಮಿಕ್ಕಿ. ಆದರೂ 1450ರ ಸುಮಾರಿಗೆ ಕಟ್ಟಿದ ಅವರ ತಟ್ಟುಗಳು (ಗುಡ್ಡದ ಮೆಟ್ಟಿಲು ಗದ್ದೆಗಳು) ಇನ್ನೂ ನಿಂತಿವೆ. ಗುಟ್ಟು ಗೋಡೆಯ ಹಿಂದಿದೆ: ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ ಮರಳು, ತುದಿಗೆ ಮಾತ್ರ ಬೆಳೆಯ ಮಣ್ಣು. ಊರಿನೊಳಗಿನ ಗೋಡೆಗಳಲ್ಲಿ ನೀರು ಹೊರಬೀಳಲು ಬಿಟ್ಟ 129 ಬಾಯಿಗಳನ್ನು ಎಣಿಸಿದ್ದಾರೆ.

ಎರಡನೆಯ ಸಲ ಹಾಗೆಯೇ ತುಂಬಿಸಿ, ಬುಡದಲ್ಲಿ ಐದಡಿಗೊಂದು ತೂತು ಬಿಟ್ಟೆ. ಮೇ ಕೊನೆಗೆ ಪ್ರತಿಯೊಂದಕ್ಕೂ ಕೋಲು ಹಾಕಿ ನೋಡಬೇಕು. ಬೇರು ಹೆಣೆದುಕೊಂಡಿರುತ್ತದೆ, ಒಮ್ಮೊಮ್ಮೆ ಏಡಿ ಕೂತಿರುತ್ತದೆ. ಕೈ ಹಾಕಬೇಡಿ.